ಟ್ರೆಡ್ ಇದ್ದರೂ ಟೈರ್ ಬದಲಿಸಬೇಕೆ? ಮೋಟರ್‌ಹೋಮ್‌ಗೆ ಕಡಿಮೆ ಖರ್ಚಿನ ಟೈರಿನ ಲೆಕ್ಕ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಹೋದ ವರ್ಷ 2017ರ ಮಾಡೆಲ್‌ನ ಕ್ಲಾಸ್ ಸಿ ಮೋಟರ್‌ಹೋಮ್ (ವ್ಯಾನಿನ ಚಾಸಿಯ ಮೇಲೆ ಕಟ್ಟಿದ ಓಡಾಡುವ ಮನೆ) ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆವು. ಫೋರ್ಡ್ ಇ-450 ಚಾಸಿ, ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು ಟೈರು. ಅಳತೆ ಎಲ್‌ಟಿ (ಲೈಟ್ ಟ್ರಕ್) 225/75 ಆರ್ 16, ಲೋಡ್ ರೇಂಜ್ (ಹೊರೆ ಹೊರುವ ದರ್ಜೆ) ಇ. ಗಾಡಿ ಓಡಿರುವುದು ಬರೀ 31,000 ಮೈಲಿ, ಟ್ರೆಡ್ (ರಸ್ತೆಗೆ ತಾಗುವ ಹಲ್ಲು) ಇನ್ನೂ 9/32 ಇಂಚು ಇದೆ. ಆದರೆ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತಿವೆ. ತಾರೀಖಿನ ಕೋಡ್ 3116. ಒಳಗಿನ ಟೈರುಗಳಲ್ಲಿ ತಾರೀಖೇ ಕಾಣುತ್ತಿಲ್ಲ. ಅಂಗಡಿಯವರು ಆರೂ ಬದಲಿಸಿ ಎನ್ನುತ್ತಾರೆ. ಮಿಶೆಲಿನ್ ಆದರೆ ಕೂಲಿ ಸೇರಿ 1,920 ಡಾಲರ್, ಮಧ್ಯಮ ಬೆಲೆಯದು 1,290, ಹೆಸರೇ ಕೇಳಿರದ ಬ್ರಾಂಡ್ ಒಂದು 870. ಒಬ್ಬ ಗೆಳೆಯರು ಮುಂದಿನ ಎರಡು ಸಾಕು ಎನ್ನುತ್ತಾರೆ. ಇನ್ನೊಬ್ಬರು ಟ್ರೈಲರ್ ಟೈರ್ ಹಾಕಿಸು, ಅಗ್ಗ, ಹೊರೆಯೂ ಜಾಸ್ತಿ ತಡೆಯುತ್ತೆ ಎನ್ನುತ್ತಾರೆ. ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಮುಂದಿನ ಆಕ್ಸಲ್‌ಗೆ 5,000 ಪೌಂಡ್, ಹಿಂದಿನದಕ್ಕೆ 9,600 ಪೌಂಡ್ ಮಿತಿ ಎಂದಿದೆ. ಜುಲೈನಲ್ಲಿ ಊರಿಂದ ಬರುವ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಯೆಲ್ಲೋಸ್ಟೋನ್‌ಗೆ ಹೋಗಬೇಕು. ವರ್ಷಕ್ಕೆ ನಾಲ್ಕು ಸಾವಿರ ಮೈಲಿ ಮೀರಿ ಓಡಿಸುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಕಾಗದದಲ್ಲಿ ಮೂರು ಪ್ರಶ್ನೆಗಳಿವೆ. ಟ್ರೆಡ್ ಇರುವ ಟೈರನ್ನು ತೆಗೆದು ಹಾಕಬೇಕೆ? ಆರೂ ಒಟ್ಟಿಗೆ ಬೇಕೆ? 870 ಡಾಲರಿನ ಸೆಟ್ಟು ಹಾಕಿಸಿದರೆ ಏನು ಕಳೆದುಕೊಳ್ಳುತ್ತೇವೆ? ಮೊದಲನೆಯದಕ್ಕೆ ಉತ್ತರ ಸುಲಭ. 3116 ಅಂದರೆ 2016ನೇ ಇಸವಿಯ 31ನೇ ವಾರ. ಒಂಬತ್ತು ವರ್ಷ ದಾಟಿದ ಈ ಟೈರುಗಳ ಮೇಲೆ ಜುಲೈ ಬಿಸಿಲಲ್ಲಿ ನೆವಾಡ ದಾಟಬೇಡಿ.

ಕಾರಿನ ಟೈರು ಸವೆದು ಸಾಯುತ್ತದೆ, ಮೋಟರ್‌ಹೋಮ್ ಟೈರು ಮುದಿಯಾಗಿ ಸಾಯುತ್ತದೆ. ರಬ್ಬರಿನಲ್ಲಿ ಓಜೋನ್ ತಡೆಯುವ ರಾಸಾಯನಿಕವನ್ನೂ ಮೇಣವನ್ನೂ ಬೆರೆಸಿರುತ್ತಾರೆ. ಟೈರು ಉರುಳುತ್ತಾ ಬಾಗುತ್ತಾ ಇದ್ದರೆ ಅವು ಒಳಗಿಂದ ಮೇಲಕ್ಕೆ ಬಂದು ಮೈಗೆ ತೆಳು ಪೊರೆ ಕಟ್ಟುತ್ತವೆ. ಹತ್ತು ತಿಂಗಳು ಒಂದೇ ಕಡೆ ನಿಂತ ಗಾಡಿಯಲ್ಲಿ ಈ ಕೆಲಸ ನಿಂತುಹೋಗುತ್ತದೆ. ನೀವು ಕಂಡ ಕೂದಲೆಳೆ ಬಿರುಕು ಅದರ ಗುರುತು. ನಿಜವಾದ ತೊಂದರೆ ಇರುವುದು ಕಣ್ಣಿಗೆ ಕಾಣದ ಕಡೆ. ಒಳಗಿನ ಗಾಳಿ 80 ಪಿಎಸ್‌ಐ ಒತ್ತಡದಲ್ಲಿ ಹಗಲೂ ರಾತ್ರಿ ಹೊರಗೆ ಜಿನುಗಲು ನೋಡುತ್ತಿರುತ್ತದೆ. ಅದರಲ್ಲಿರುವ ಆಮ್ಲಜನಕ ಎರಡು ಉಕ್ಕಿನ ಬೆಲ್ಟುಗಳ ನಡುವಿನ ರಬ್ಬರನ್ನು ವರ್ಷಗಟ್ಟಲೆ ಗಟ್ಟಿ ಮಾಡುತ್ತಾ ಬರುತ್ತದೆ. ಬೆಲ್ಟಿನ ಅಂಚಿನಲ್ಲಿ ಸಣ್ಣ ಸೀಳು ಹುಟ್ಟುತ್ತದೆ. ಒಂದು ದಿನ ಹೊರೆ, ಬಿಸಿ, ವೇಗ ಮೂರೂ ಕೂಡಿದಾಗ ಟ್ರೆಡ್ಡು ಪೂರ್ತಿ ಕಿತ್ತು ಹೋಗುತ್ತದೆ. ಪಕ್ಕದಲ್ಲಿ ಒಂದೂ ಬಿರುಕಿಲ್ಲದ ಹಳೆ ಟೈರಿಗೂ ಇದೇ ಗತಿ ಬರಬಹುದು. ಹೊಳಪು ಬರಲೆಂದು ಬಳಿಯುವ ಕೆಲವು ಎಣ್ಣೆಗಳು ಆ ಮೇಣದ ಪೊರೆಯನ್ನೇ ತೊಳೆದುಬಿಡುತ್ತವೆ. ಸೆಕೆಂಡ್ ಹ್ಯಾಂಡ್ ಗಾಡಿಯ ಟೈರು ಮಿರಮಿರ ಮಿಂಚುತ್ತಿದ್ದರೆ ಅನುಮಾನ ಪಡಿ.

ಎಷ್ಟು ವರ್ಷಕ್ಕೆ ಬದಲಿಸಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಟ್ರೆಡ್ ಎಷ್ಟೇ ಇರಲಿ, ಸಾಮಾನ್ಯವಾಗಿ ಆರು ವರ್ಷಕ್ಕೆ ಬದಲಿಸಿ ಎಂದು ಫೋರ್ಡ್‌ನ ಕೈಪಿಡಿ ಹೇಳುತ್ತದೆ. ಐದು ವರ್ಷದ ನಂತರ ವರ್ಷಕ್ಕೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಿ, ಹತ್ತು ವರ್ಷಕ್ಕೆ ಮಾತ್ರ ಏನೇ ಆದರೂ ತೆಗೆಯಿರಿ ಎನ್ನುತ್ತದೆ ಮಿಶೆಲಿನ್. ಬಿಸಿಲಲ್ಲಿ ನಿಲ್ಲುವ, ಪೂರ್ತಿ ಹೊರೆ ಹೊರುವ ಗಾಡಿಗೆ ಆರೇಳು ವರ್ಷ ಎಂದು ಹಿಡಿಯುವುದು ನನ್ನ ಲೆಕ್ಕ.

ಒಳಗಿನ ಟೈರುಗಳಲ್ಲಿ ತಾರೀಖಿಲ್ಲ ಎಂದಿದ್ದೀರಿ. ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೆ. ವಾರ, ವರ್ಷ ಸೇರಿದ ಪೂರ್ತಿ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಖ್ಯೆಯನ್ನು ಟೈರಿನ ಒಂದೇ ಮಗ್ಗುಲಲ್ಲಿ ಒತ್ತಿರುತ್ತಾರೆ. ಇನ್ನೊಂದು ಮಗ್ಗುಲಲ್ಲಿ ಕೊನೆಯ ನಾಲ್ಕು ಅಂಕಿ ಇರಲೇಬೇಕೆಂದಿಲ್ಲ. ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿದರೆ, ಇಲ್ಲವೇ ಫೋನನ್ನು ಒಳಗೆ ತೂರಿಸಿ ವಿಡಿಯೊ ತೆಗೆದರೆ ಸಿಗುತ್ತದೆ. ಸ್ಟೆಪ್ನಿ ಇದ್ದರೆ ಅದರದ್ದೂ ನೋಡಿ. ಉಳಿದ ಟೈರೆಲ್ಲ ಬದಲಾಗಿ ಸ್ಟೆಪ್ನಿ ಮಾತ್ರ ಕಾರ್ಖಾನೆಯಿಂದ ಬಂದದ್ದೇ ಇರುವ ಗಾಡಿಗಳು ಬಹಳ.

ಈಗ ಹೊರೆಯ ಲೆಕ್ಕ. ಅಗ್ಗ, ದುಬಾರಿ ಎಂಬ ಮಾತೆಲ್ಲ ಇದಾದ ಮೇಲೆ. ನಿಮ್ಮ ಅಳತೆಯ ಲೋಡ್ ರೇಂಜ್ ಇ ಟೈರಿನ ಮೈಮೇಲೆ 115/112 ಎಂದು ಬರೆದಿರುತ್ತದೆ. ಇವು ಹೊರೆಯ ಸಂಕೇತದ ಅಂಕಿಗಳು: ಮೊದಲನೆಯದು ಒಂಟಿಯಾಗಿ ಹಾಕಿದಾಗ, ಎರಡನೆಯದು ಜೋಡಿಯಲ್ಲಿ ಹಾಕಿದಾಗ. 80 ಪಿಎಸ್‌ಐ ಗಾಳಿ ಇದ್ದರೆ ಒಂಟಿ ಟೈರು 2,680 ಪೌಂಡ್ ಹೊರುತ್ತದೆ, ಜೋಡಿಯಲ್ಲಿ ಒಂದೊಂದು 2,470. ಮುಂದೆ ಎರಡು ಸೇರಿ 5,360, ನಿಮ್ಮ ಮಿತಿ 5,000. ಹಿಂದೆ ನಾಲ್ಕು ಸೇರಿ 9,880, ಮಿತಿ 9,600. ಹಿಂದೆ ಉಳಿಯುವುದು ಬರೀ 280 ಪೌಂಡ್, ಅದೂ ನಾಲ್ಕೂ ಟೈರಿನಲ್ಲಿ ಪೂರ್ತಿ ಗಾಳಿ ಇದ್ದರೆ. ಅದೇ ಅಳತೆಯ ಲೋಡ್ ರೇಂಜ್ ಡಿ ಟೈರು ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ನೋಡಲು ವ್ಯತ್ಯಾಸವೇ ಗೊತ್ತಾಗದು. ಅದು ಜೋಡಿಯಲ್ಲಿ ಹೊರುವುದು 65 ಪಿಎಸ್‌ಐಗೆ 2,150 ಪೌಂಡ್. ನಾಲ್ಕಕ್ಕೆ 8,600. ಸಾವಿರ ಪೌಂಡ್ ಖೋತಾ! ಆದ್ದರಿಂದ ಬಿಲ್ಲಿನಲ್ಲಿ ಅಳತೆಯ ಜೊತೆ "ಲೋಡ್ ರೇಂಜ್ ಇ, 115/112" ಎಂದು ಬರೆಸಿಕೊಳ್ಳಿ. ಲೋಡ್ ರೇಂಜ್ ಇ ಅನ್ನು ಅಂಗಡಿಗಳಲ್ಲಿ "10 ಪ್ಲೈ" ಎನ್ನುತ್ತಾರೆ. ಹತ್ತು ಪದರ ಇದೆ ಎಂದು ಅದರ ಅರ್ಥವಲ್ಲ, ಹಳೇ ಕಾಲದ ಹತ್ತು ಪದರದ ಟೈರಿನಷ್ಟು ಬಲ ಎಂಬ ದರ್ಜೆ ಅಷ್ಟೆ.

ನಿಮ್ಮ ಗಾಡಿ ನಿಜವಾಗಿ ಎಷ್ಟು ತೂಗುತ್ತದೆ ಎಂಬುದು ಸ್ಟಿಕ್ಕರ್‌ನಲ್ಲಿ ಇರುವುದಿಲ್ಲ. ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಮುಂದಿನ ಗಾಲಿ ಒಂದು ಹಲಗೆಯ ಮೇಲೆ, ಹಿಂದಿನವು ಇನ್ನೊಂದರ ಮೇಲೆ ಬರುವಂತೆ ನಿಲ್ಲಿಸಿದರೆ ಎರಡು ಆಕ್ಸಲ್‌ನ ತೂಕ ಬೇರೆ ಬೇರೆ ಬರುತ್ತದೆ. ಪ್ರವಾಸಕ್ಕೆ ಹೊರಡುವ ದಿನದಂತೆಯೇ ತುಂಬಿಸಿಕೊಂಡು ಹೋಗಿ: ನೀರು, ಪೆಟ್ರೋಲು, ಗ್ಯಾಸು, ಅಕ್ಕಿ ಮೂಟೆ, ಕುಕ್ಕರು, ಮನೆಮಂದಿಯೆಲ್ಲ. ನೀರು ಗ್ಯಾಲನ್ನಿಗೆ 8.3 ಪೌಂಡ್, 40 ಗ್ಯಾಲನ್ ತುಂಬಿದರೆ 330 ಪೌಂಡ್ ದಾಟಿತು. ಕ್ಲಾಸ್ ಸಿ ಗಾಡಿಗಳ ಬಾಲ ಹಿಂದಿನ ಆಕ್ಸಲ್‌ಗಿಂತ ಬಹಳ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅಲ್ಲಿಟ್ಟ ತೂಕ ಏತದ ಹಾಗೆ ಮುಂಭಾಗವನ್ನು ಎತ್ತಿ, ತನ್ನ ಪಾಲಿಗಿಂತ ಹೆಚ್ಚನ್ನು ಹಿಂದಿನ ಆಕ್ಸಲ್ ಮೇಲೆ ಹೇರುತ್ತದೆ. ತೂಕ 9,600 ಮೀರಿದ್ದರೆ ಯಾವ ಬ್ರಾಂಡಿನ ಟೈರೂ ನಿಮ್ಮನ್ನು ಕಾಯುವುದಿಲ್ಲ. ಸಾಮಾನು ಇಳಿಸಬೇಕು, ಇಲ್ಲವೇ ನೀರನ್ನು ಕ್ಯಾಂಪಿಗೆ ಹೋದ ಮೇಲೆ ತುಂಬಿಕೊಳ್ಳಬೇಕು.

ಟ್ರೈಲರ್ ಟೈರಿನ ಸಲಹೆ ಕೊಟ್ಟ ಗೆಳೆಯರ ಲೆಕ್ಕ ಕಾಗದದ ಮೇಲೆ ಸರಿ. ಎಸ್‌ಟಿ 235/80 ಆರ್ 16 ಟೈರು ಇದೇ 80 ಪಿಎಸ್‌ಐಗೆ 3,520 ಪೌಂಡ್ ಹೊರುತ್ತದೆ ಎಂದು ಬರೆದುಕೊಂಡಿರುತ್ತದೆ. ಆದರೆ ಅದು ಸುಮ್ಮನೆ ಹಿಂದೆ ಎಳೆಸಿಕೊಂಡು ಹೋಗುವ ಗಾಲಿಗೆ ಹಾಕಿದ ಲೆಕ್ಕ. ಸ್ಟಿಯರಿಂಗ್ ತಿರುವನ್ನಾಗಲಿ ಎಂಜಿನ್ನಿನ ಎಳೆತವನ್ನಾಗಲಿ ತಾಳಲು ಅದನ್ನು ಮಾಡಿಲ್ಲ. ಹಿಂದಿನಿಂದಲೂ ಈ ಜಾತಿಯ ಟೈರಿಗೆ ಗಂಟೆಗೆ 65 ಮೈಲಿ ವೇಗವೇ ಮಿತಿಯಾಗಿತ್ತು. ಟ್ರೈಲರ್‌ಗೆ ಮಾತ್ರ ಎಂದು ತಯಾರಕರೇ ಹೇಳುವ ಟೈರನ್ನು ಮೋಟರ್‌ಹೋಮ್‌ಗೆ ಹಾಕಿಸಿ ಅಪಘಾತವಾದರೆ ವಿಮೆಯವರ ಮುಂದೆ ಏನು ಹೇಳುತ್ತೀರಿ? ಅದರ ಅಗಲವೂ ಜಾಸ್ತಿ. ಜೋಡಿ ಟೈರುಗಳು ಒಂದಕ್ಕೊಂದು ತಾಗಿ ಉಜ್ಜಿದರೆ ಬಿಸಿಯಾಗಿ ಎರಡೂ ಹೋಗುತ್ತವೆ.

ಅಳತೆಯಲ್ಲಿ ಪ್ರಯೋಗ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಎಲ್‌ಟಿ 215/85 ಆರ್ 16 ಎಂಬುದೊಂದಿದೆ, ಹೊರುವ ಬಲ ಅಷ್ಟೇ, ಅಗಲ ಕಡಿಮೆ, ಕೆಲವೊಮ್ಮೆ ಬೆಲೆಯೂ ಕಡಿಮೆ. ಆದರೆ ಅದು ನಿಮ್ಮದಕ್ಕಿಂತ ಸುಮಾರು 28 ಮಿಲಿಮೀಟರ್ ಹೆಚ್ಚು ಎತ್ತರ. ಸ್ಪೀಡೊಮೀಟರ್ ಶೇ 4ರ ಹತ್ತಿರ ಕಡಿಮೆ ತೋರಿಸುತ್ತದೆ, ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಇನ್ನೊಂದು, ಯುರೋಪಿನ ವ್ಯಾನುಗಳ 225/75 ಆರ್ 16 ಸಿ, 121/120. ಎತ್ತರ ಅಗಲ ಅವೇ, ಬಲ ಮಾತ್ರ ಹೆಚ್ಚು: ಒಂಟಿಗೆ 1,450 ಕಿಲೊ, ಜೋಡಿಯಲ್ಲಿ 1,400 ಕಿಲೊ. ತೂಕದ ಕಟ್ಟೆಯಲ್ಲಿ ಮಿತಿಯ ಅಂಚಿಗೆ ಬಂದು ನಿಂತವರಿಗೆ ಇದು ಒಳ್ಳೆಯ ದಾರಿ. ಆದರೆ ಆ ಟೈರು ಕೇಳುವ ಗಾಳಿಯ ಒತ್ತಡವನ್ನು ನಿಮ್ಮ ಡಿಸ್ಕು (ಟೈರು ಕೂರುವ ಲೋಹದ ಗಾಲಿ) ತಡೆಯುತ್ತದೆಯೇ ಎಂದು ಡಿಸ್ಕಿನ ಮೇಲೆ ಒತ್ತಿರುವ ಮಿತಿ ನೋಡಿಯೇ ಕೊಳ್ಳಬೇಕು. ಟೈರಿನ ಬಲ ಹೆಚ್ಚಿತೆಂದು ಆಕ್ಸಲ್‌ನ ಮಿತಿಯೇನೂ ಹೆಚ್ಚುವುದಿಲ್ಲ.

ಇನ್ನು ಮುಂದಿನ ಎರಡು ಸಾಕೆ ಎಂಬ ಪ್ರಶ್ನೆ. ಮುಂದಿನ ಟೈರು ಒಡೆದರೆ ಸ್ಟಿಯರಿಂಗ್ ಕೈ ತಪ್ಪುತ್ತದೆ, ನಿಜ. ಹಿಂದೆ ಜೋಡಿ ಇದೆಯಲ್ಲ, ಒಂದು ಹೋದರೆ ಇನ್ನೊಂದು ಇರುತ್ತದೆ ಎಂಬ ಧೈರ್ಯ ಮಾತ್ರ ತಪ್ಪು. ಒಳಗಿನ ಟೈರು ನಿಧಾನಕ್ಕೆ ಗಾಳಿ ಬಿಟ್ಟರೆ ನಿಮಗೆ ಗೊತ್ತೇ ಆಗುವುದಿಲ್ಲ. ಎರಡರ ಭಾರವನ್ನು ಹೊರಗಿನದೊಂದೇ ಹೊತ್ತು, ಕಾದು, ಹತ್ತಿಪ್ಪತ್ತು ಮೈಲಿಯಲ್ಲಿ ಅದೂ ಒಡೆಯಬಹುದು. ಕಿತ್ತ ಟ್ರೆಡ್ಡು ಚಾಟಿಯ ಹಾಗೆ ಬೀಸುತ್ತಾ ಗಾಲಿಯ ಗೂಡಿನ ತಗಡು, ವೈರು, ಕೊಳಚೆ ಟ್ಯಾಂಕಿನ ಪೈಪು, ಹತ್ತಿರ ಇದ್ದರೆ ಗ್ಯಾಸ್ ಲೈನನ್ನೂ ಹರಿಯುತ್ತದೆ. ಆ ರಿಪೇರಿಯ ಮುಂದೆ ನಾಲ್ಕು ಟೈರಿನ ಬೆಲೆ ಚಿಲ್ಲರೆ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಈಗ ಮುಂದಿನ ಎರಡು, ಜುಲೈ ಹತ್ತಿರ ಬರುವ ಹೊತ್ತಿಗೆ ಹಿಂದಿನ ನಾಲ್ಕು ಎಂದು ಎರಡು ಕಂತು ಮಾಡಬಹುದು. ಅಲ್ಲಿಯವರೆಗೆ ಊರ ಸುತ್ತಮುತ್ತ, ಹಗುರ ಹೊರೆಯಲ್ಲಿ, ಹೆಚ್ಚು ವೇಗವಿಲ್ಲದೆ ಓಡಿಸಿ. ಹಿಂದಿನವನ್ನು ಎರಡು ಹೊಸದು ಎರಡು ಹಳೆಯದು ಮಾಡಿ ಹಂಚಲು ಮಾತ್ರ ಹೋಗಬೇಡಿ. ಜೋಡಿಯಲ್ಲಿರುವ ಎರಡು ಟೈರುಗಳ ವ್ಯಾಸದಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಹೊಸ ಟೈರಿನ ಟ್ರೆಡ್ 14/32 ಇದ್ದು ನಿಮ್ಮದು 9/32 ಇದ್ದರೆ, ಮೇಲೂ ಕೆಳಗೂ ಸೇರಿ ವ್ಯಾಸದಲ್ಲಿ 10/32, ಅಂದರೆ ಕಾಲು ಇಂಚು ದಾಟಿತು. ಎತ್ತರದ ಟೈರು ಎಲ್ಲ ಹೊರೆಯನ್ನು ತಾನೇ ಹೊತ್ತರೆ, ಗಿಡ್ಡನೆಯದು ರಸ್ತೆಯ ಮೇಲೆ ಎಳೆದಾಡಿಕೊಂಡು ಸವೆಯುತ್ತದೆ. ಬ್ರಾಂಡ್ ಬೇರೆ ಆದರೂ ಇದೇ ಗೋಳು. ಬರೆದ ಅಳತೆ ಒಂದೇ ಇದ್ದರೂ ಕಂಪನಿಯಿಂದ ಕಂಪನಿಗೆ ನಿಜವಾದ ಎತ್ತರ ಹೆಚ್ಚುಕಡಿಮೆ ಆಗುತ್ತದೆ. ಹಿಂದಿನ ನಾಲ್ಕೂ ಒಂದೇ ಬ್ರಾಂಡು, ಒಂದೇ ಮಾಡೆಲ್ಲು ಇರಲಿ.

ಈಗ ದುಡ್ಡಿನ ಮಾತಿಗೆ ಬರೋಣ. ವರ್ಷಕ್ಕೆ ನಾಲ್ಕು ಸಾವಿರ ಮೈಲಿ ಎಂದರೆ ಏಳು ವರ್ಷಕ್ಕೆ 28,000. 60 ಸಾವಿರ, 70 ಸಾವಿರ ಮೈಲಿಯ ಟ್ರೆಡ್ ಗ್ಯಾರಂಟಿಗೆ ನೀವು ಕೊಡುವ ದುಡ್ಡು ನಿಮಗೆ ವಾಪಸು ಬರುವುದೇ ಇಲ್ಲ. ಆ ಗ್ಯಾರಂಟಿಯ ಸಣ್ಣ ಅಕ್ಷರಗಳನ್ನೂ ಓದಿ, ಮೋಟರ್‌ಹೋಮ್ ಬಳಕೆಯನ್ನು ಹೊರಗಿಡುವವೂ ಇವೆ. ನೀವು ಕೊಳ್ಳುತ್ತಿರುವುದು ಹೊರೆ ತಡೆಯುವ ಬಲವನ್ನು ಮತ್ತು ವರ್ಷಗಳನ್ನು, ಮೈಲಿಯನ್ನಲ್ಲ. ಮಿಶೆಲಿನ್ ಸೆಟ್ಟು ಏಳು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 274 ಡಾಲರ್, ಮಧ್ಯಮದ್ದು 184, ಹೆಸರಿಲ್ಲದ್ದು 124. ಮಿಶೆಲಿನ್ ಹತ್ತು ವರ್ಷ ಬಂದರೆ 192ಕ್ಕೆ ಇಳಿಯುತ್ತದೆ, ಮಧ್ಯಮದ್ದರ ಹತ್ತಿರವೇ. ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ, ಟೈರಿಗೆ ಬಿಳಿ ಹೊದಿಕೆ ಹಾಕಿ, ಐದು ವರ್ಷದ ಮೇಲೆ ಪ್ರತಿ ವರ್ಷ ತಪಾಸಣೆ ಮಾಡಿಸುವ ಶಿಸ್ತು ಇದ್ದವರಿಗೆ ಮಾತ್ರ ಈ ಲೆಕ್ಕ. ರಸ್ತೆ ಬದಿಯ ಬಿಸಿಲಲ್ಲಿ ನಿಲ್ಲುವ ಗಾಡಿಗೆ ಅಷ್ಟು ವರ್ಷ ನೆಚ್ಚಬೇಡಿ.

870 ಡಾಲರಿನದು ಕಳಪೆಯೇ? ಹೇಳುವುದು ಕಷ್ಟ, ತೊಂದರೆಯೂ ಅದೇ. ಡಿಒಟಿ ಮುದ್ರೆ ಇದೆಯಲ್ಲ ಎಂದು ಅಂಗಡಿಯವರು ಹೇಳಬಹುದು. ಆ ಮುದ್ರೆ ಸರ್ಕಾರ ಪರೀಕ್ಷಿಸಿ ಕೊಟ್ಟದ್ದಲ್ಲ, ನಿಯಮದಂತೆ ಮಾಡಿದ್ದೇವೆ ಎಂದು ತಯಾರಕರೇ ಒತ್ತಿಕೊಳ್ಳುವ ಮಾತು. ಕಾರಿನ ಟೈರಿಗೆ ಇರುವ ಟ್ರೆಡ್‌ವೇರ್ (ಸವೆತ), ಟ್ರ್ಯಾಕ್ಷನ್ (ಹಿಡಿತ) ದರ್ಜೆಗಳೂ ಎಲ್‌ಟಿ ಟೈರಿಗೆ ಇಲ್ಲ, ಹಾಗಾಗಿ ಹೋಲಿಸಲು ಅಂಕಿಯೂ ಸಿಗದು. ಕೇಳಿರದ ಹೆಸರೆಲ್ಲ ಕೆಟ್ಟದ್ದು ಎಂದಲ್ಲ. ಮೈಸೂರಿನ ವಿಕ್ರಾಂತ್ ಕಾರ್ಖಾನೆಯ ಒಡೆಯರಾದ ಜೆಕೆ ಟೈರ್ ಮೆಕ್ಸಿಕೊದ ಟೊರ್ನೆಲ್ ಕಂಪನಿಯನ್ನೂ ಕೊಂಡಿದೆ ಎಂದು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ನೋಡಬೇಕಾದ್ದು ಇಷ್ಟು: ಐದು ವರ್ಷದ ನಂತರ ಟೈರಿನಲ್ಲಿ ದೋಷ ಕಂಡರೆ ಜವಾಬು ಹೇಳಲು ಅಮೆರಿಕದಲ್ಲಿ ಆ ಕಂಪನಿಯ ಕಚೇರಿ ಇರುತ್ತದೆಯೇ, ನೆವಾಡದ ಎಲ್ಕೊದಲ್ಲಿ ಒಂದು ಟೈರು ಒಡೆದರೆ ಅದೇ ಮಾಡೆಲ್ ಅಲ್ಲಿ ಸಿಗುತ್ತದೆಯೇ. ಎರಡಕ್ಕೂ ಹೌದು ಎನ್ನುವಂತಿಲ್ಲದಿದ್ದರೆ ವರ್ಷಕ್ಕೆ ಉಳಿಯುವ 60 ಡಾಲರಿಗೆ ಆಸೆ ಪಡಬೇಡಿ. ನಿಮ್ಮ ಜಾಗದಲ್ಲಿ ಯಾರೇ ಕೇಳಿದರೂ 1,290ರ ಸಾಲಿನದನ್ನೇ ಹೇಳುತ್ತೇನೆ: ಫೈರ್‌ಸ್ಟೋನ್ ಟ್ರಾನ್ಸ್‌ಫೋರ್ಸ್ ಎಚ್‌ಟಿ, ಹ್ಯಾಂಕುಕ್ ಡೈನಾಪ್ರೊ ಎಚ್‌ಟಿ, ಟೊಯೊ ಓಪನ್ ಕಂಟ್ರಿ ಎಚ್‌ಟಿ ತರಹದ ಹೆದ್ದಾರಿ ಟ್ರೆಡ್‌ನವು. ಕಲ್ಲುಮಣ್ಣಿನ ದಾರಿಗೆಂದು ಮಾಡಿದ ದಪ್ಪ ಹಲ್ಲಿನ ಟೈರು ಬೇಡ. ಸದ್ದು ಜಾಸ್ತಿ, ಬಿಸಿಯೂ ಜಾಸ್ತಿ. ಬಳಸಿದ ಟೈರಂತೂ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಆರ್ಡರ್ ಕೊಡುವ ಮೊದಲು ಅಂಗಡಿಯವರನ್ನು ಮೋಟರ್‌ಹೋಮ್ ಎತ್ತುತ್ತೀರಾ ಎಂದು ಕೇಳಿಬಿಡಿ. ಕಾರಿನ ಲಿಫ್ಟ್ ಮಾತ್ರ ಇರುವ ಕಡೆ ಟೈರು ಮಾರಿ, ಗಾಡಿ ಬಂದ ಮೇಲೆ ಕೈಯೆತ್ತುವುದುಂಟು. ಟ್ರಕ್ಕು, ಡೆಲಿವರಿ ವ್ಯಾನು ನೋಡುವ ಅಂಗಡಿ ಮೇಲು. ಬರುವ ಟೈರಿನ ತಾರೀಖು ಆರು ತಿಂಗಳೊಳಗಿನದಿರಲಿ ಎಂದು ಮೊದಲೇ ಹೇಳಿ. ಗೋದಾಮಿನಲ್ಲಿ ಎರಡು ವರ್ಷ ಕೂತ ಟೈರನ್ನು ಹೊಸದೆಂದು ಕೊಟ್ಟರೆ ನಿಮ್ಮ ಏಳರಲ್ಲಿ ಎರಡು ಹೋಯಿತು. ಬಿಲ್ಲಿನಲ್ಲಿ ಕ್ಯಾಲಿಫೋರ್ನಿಯಾದ ಟೈರು ಶುಲ್ಕ ಒಂದಕ್ಕೆ 1.75 ಡಾಲರ್ ಇರುತ್ತದೆ, ಸರಿಯೇ. ಫೆಡರಲ್ ಎಕ್ಸೈಸ್ ತೆರಿಗೆ ಎಂದು ಸೇರಿಸಿದ್ದರೆ ತೆಗೆಸಿ. ಅದು 3,500 ಪೌಂಡಿಗಿಂತ ಹೆಚ್ಚು ಹೊರುವ ಟೈರಿಗೆ ಮಾತ್ರ.

ಕೂರಿಸುವಾಗ ಪಕ್ಕದಲ್ಲಿ ನಿಲ್ಲಿ. ಹೆಚ್ಚು ಎಡವಟ್ಟಾಗುವುದು ವಾಲ್ವಿನಲ್ಲಿ. ಕಾರಿಗೆ ಹಾಕುವ ಮಾಮೂಲಿ ರಬ್ಬರ್ ವಾಲ್ವಿನ ತಾಕತ್ತು 65 ಪಿಎಸ್‌ಐ ತನಕ. ನಿಮಗೆ ಬೇಕಾದ್ದು 80. ಹೊಸ ಟೈರಿನ ಜೊತೆ ಆರಕ್ಕೂ ಲೋಹದ ವಾಲ್ವ್ ಹಾಕಿಸಿ. ಒಳಗಿನ ಟೈರಿಗೆ ಕೈ ಎಟುಕಲೆಂದು ಕೆಲವರು ಹೆಣೆದ ತಂತಿಯ ಬಳುಕುವ ಕೊಳವೆ ಸಿಕ್ಕಿಸುತ್ತಾರೆ. ಅದು ಅಲುಗಾಡಿ ಸಡಿಲಾಗಿ ಗಾಳಿ ಸೋರುತ್ತದೆ. ಆ ಡಿಸ್ಕಿಗೆ ತಕ್ಕಂತೆ ಬಾಗಿಸಿದ ಉದ್ದನೆಯ ಲೋಹದ ವಾಲ್ವೇ ಸಿಗುತ್ತದೆ, ಅದನ್ನು ಕೇಳಿ. ಜೋಡಿ ಗಾಲಿ ಕೂರಿಸುವಾಗ ಒಂದರ ವಾಲ್ವ್ ಇನ್ನೊಂದರದ್ದಕ್ಕೆ ಎದುರುಬದುರು ಬರಬೇಕು, ಇಲ್ಲದಿದ್ದರೆ ಗೇಜು ಒಳಗೆ ಹೋಗದು. ಎರಡು ಡಿಸ್ಕು ಒಂದಕ್ಕೊಂದು ಕೂರುವ ಮುಖದಲ್ಲಿ ತುಕ್ಕಿನ ಪುಡಿ ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿಸಿ. ಆ ತುಕ್ಕು ನಡುವೆ ಸಿಕ್ಕಿ ನಟ್ಟು ಬಿಗಿ ಎನಿಸುತ್ತದೆ, ನೂರು ಮೈಲಿ ಹೋದ ಮೇಲೆ ಪುಡಿಯಾಗಿ ಉದುರಿ ನಟ್ಟು ಸಡಿಲವಾಗುತ್ತದೆ. ನಟ್ಟನ್ನು ಏರ್ ಗನ್‌ನಿಂದ ಬಿಗಿದು ಕಳಿಸುವುದು ಸಾಲದು, ಕೈಪಿಡಿಯಲ್ಲಿರುವ ಅಂಕಿಗೆ ಟಾರ್ಕ್ ರೆಂಚಿನಿಂದ ಬಿಗಿಸಬೇಕು. ಮತ್ತೆ 100 ಮೈಲಿಯೊಳಗೆ ಇನ್ನೊಮ್ಮೆ.

ಮುಂದಿನ ಹಳೆಯ ಟೈರುಗಳನ್ನು ಎಸೆಯುವ ಮೊದಲು ಅಂಗೈಯನ್ನು ಟ್ರೆಡ್ ಮೇಲೆ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸವರಿ ನೋಡಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತರಚಿದರೆ ಅಲೈನ್‌ಮೆಂಟ್ ತಪ್ಪಿದೆ. ಹೊಸ ಟೈರು ಹಾಕಿದ ದಿನವೇ, ಗಾಡಿಯಲ್ಲಿ ಹೊರೆ ಇಟ್ಟುಕೊಂಡು ಸರಿ ಮಾಡಿಸಿ.

ಗಾಳಿ ಎಷ್ಟಿರಬೇಕು? ತೂಕ ಹಾಕಿಸುವ ತನಕ ಬಾಗಿಲ ಸ್ಟಿಕ್ಕರ್‌ನಲ್ಲಿರುವಷ್ಟು. ತೂಕ ಗೊತ್ತಾದ ಮೇಲೆ ಟೈರು ಕಂಪನಿಯ ಹೊರೆ-ಗಾಳಿ ಪಟ್ಟಿ ನೋಡಿ ಸಾಲುವುದೇ ಎಂದು ತಾಳೆ ನೋಡಿ. ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಹತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಒಂದು ಪಿಎಸ್‌ಐ ಎಂಬ ಬಾಯಿಲೆಕ್ಕ ಕಾರಿಗೆ ಸರಿ, 80 ಪಿಎಸ್‌ಐ ಟೈರಿನಲ್ಲಿ ಅದು ಎರಡರ ಹತ್ತಿರ. ಮಧ್ಯಾಹ್ನ ದಾರಿಯಲ್ಲಿ ಗೇಜು 92, 95 ತೋರಿಸಿತೆಂದು ಗಾಳಿ ಬಿಡಬೇಡಿ. ಏರುವುದು ಸಹಜ, ಟೈರನ್ನು ಅದಕ್ಕೆಂದೇ ಮಾಡಿರುತ್ತಾರೆ. ನೈಟ್ರೋಜನ್‌ಗೆ ದುಡ್ಡು ಕೊಡುವುದೂ ಬೇಡ, ಮಾಮೂಲಿ ಗಾಳಿಯಲ್ಲಿ ಶೇ 78 ಅದೇ ಇದೆ. ನಮ್ಮೂರ ಲಾರಿ ಕ್ಲೀನರ್‌ಗಳು ರಾಡಿನಿಂದ ಟೈರಿಗೆ ತಟ್ಟಿ ಕೇಳುತ್ತಾರಲ್ಲ, ಇಲ್ಲಿನ ಟ್ರಕ್ಕಿನವರಲ್ಲೂ ಆ ಅಭ್ಯಾಸ ಇದೆ. ಪೂರ್ತಿ ಚಪ್ಪಟೆಯಾದ ಟೈರನ್ನು ಅದು ಹಿಡಿದುಕೊಡುತ್ತದೆ. 60ಕ್ಕೂ 80ಕ್ಕೂ ಇರುವ ವ್ಯತ್ಯಾಸ ಕಿವಿಗೆ ಸಿಗದು, 100 ಪಿಎಸ್‌ಐ ತೋರಿಸುವ ಗೇಜೊಂದು ಕೊಂಡಿಡಿ.

ಇಷ್ಟು ತೂಕದ ಗಾಡಿಗಳಿಗೆ ಟೈರಿನ ಒತ್ತಡ ತೋರಿಸುವ ದೀಪ ಕಡ್ಡಾಯವಲ್ಲ, ಆದ್ದರಿಂದ ನಿಮ್ಮದರಲ್ಲಿ ಇರಲಾರದು. ವಾಲ್ವಿನ ಮೂತಿಗೆ ತಿರುಗಿಸಿ ಕೂರಿಸುವ ಆರು ಸೆನ್ಸರ್‌ಗಳ ಸೆಟ್ಟು ಬಿಡಿಯಾಗಿ ಸಿಗುತ್ತದೆ. ಮಿಶೆಲಿನ್ ಬಿಟ್ಟು ಉಳಿಸಿದ 630 ಡಾಲರಿನಲ್ಲಿ ಮೊದಲ ಖರ್ಚು ಅದಕ್ಕೆ ಮಾಡಿ. ಒಳಗಿನ ಟೈರು ಗಾಳಿ ಬಿಡಲು ಶುರು ಮಾಡಿದ್ದನ್ನು ಚಾಲಕರ ಸೀಟಿಗೆ ತಿಳಿಸುವ ದಾರಿ ಅದೊಂದೇ. ಲೋಹದ ವಾಲ್ವ್ ಹಾಕಿಸಿದ್ದರೆ ಆ ಸೆನ್ಸರಿನ ಭಾರಕ್ಕೆ ಅದು ಬಾಗುವುದೂ ಇಲ್ಲ. ಹಾಗೆಯೇ ಆರೂ ಟೈರಿನ ಡಿಒಟಿ ಸಂಖ್ಯೆಯನ್ನು ಗಾಲಿ ಬಿಚ್ಚಿರುವಾಗಲೇ ಫೋಟೊ ತೆಗೆದು, ತಯಾರಕರ ಬಳಿ ನೋಂದಾಯಿಸಿ. ದೋಷ ಕಂಡು ಟೈರನ್ನು ವಾಪಸು ಕರೆದರೆ (ರೀಕಾಲ್) ಅವರು ಹುಡುಕಿಕೊಂಡು ಬರುವುದು ಆ ಸಂಖ್ಯೆಯಿಂದ, ಮತ್ತು ಒಳಗಿನ ಎರಡರದ್ದು ಗಾಲಿ ಮೇಲೇರಿದ ಮೇಲೆ ಮತ್ತೆ ಸುಲಭಕ್ಕೆ ಕಾಣಸಿಗದು.